ಸ್ಪರ್ಧೆ ಹತ್ತಿರ ಬಂದಷ್ಟೂ ಕೈ ಹಗುರವಾಗಲಿ: ಓಟಗಾರರಿಗೆ, ಕಬಡ್ಡಿ ಆಟಗಾರರಿಗೆ ಮಸಾಜ್ ಮಾಡುವ ಕ್ರಮ

ಭಾನುವಾರ ಬೆಳಿಗ್ಗೆ ಹಾಫ್ ಮ್ಯಾರಥಾನ್. ಶನಿವಾರ ಸಂಜೆ ಓಟಗಾರ ಬಂದು ಮಂಚದ ಮೇಲೆ ಬೋರಲು ಮಲಗಿ, ‘ಸಾರ್, ಸ್ವಲ್ಪ ಗಟ್ಟಿಯಾಗೇ ಒತ್ತಿ, ಕಾಲು ಫ್ರೀ ಆಗ್ಬೇಕು’ ಅನ್ನುತ್ತಾನೆ. ಆ ಮಾತು ಕೇಳಿಕೊಂಡು ಮೊಣಕೈ ಊರಿ ಮೀನಖಂಡವನ್ನು ಅರೆದರೆ ಆ ಗಳಿಗೆಗೆ ಹಾಯೆನಿಸುವುದು ನಿಜ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೆಟ್ಟಿಲಿಳಿಯುವಾಗ ಕಾಲು ಹಿಡಿದುಕೊಂಡಿರುತ್ತದೆ. ಗಟ್ಟಿ ಒತ್ತಡವೂ ಸ್ನಾಯುವಿಗೆ ಒಂದು ಬಗೆಯ ಪೆಟ್ಟೇ. ಅದು ಆರಲು ಒಂದೆರಡು ದಿನ ಬೇಕು. ಸ್ಪರ್ಧೆಯ ಸುತ್ತಮುತ್ತ ಮಸಾಜ್ ಕೆಡುವುದು ಹೆಚ್ಚಾಗಿ ಇಲ್ಲೇ: ಮಾಡುವವರಿಗೆ ಕೈ ಬರುವುದಿಲ್ಲ ಎಂದಲ್ಲ, ಯಾವ ದಿನ ಎಷ್ಟು ಒತ್ತಬೇಕು ಎಂಬ ಲೆಕ್ಕ ಇರುವುದಿಲ್ಲ.

ಲೆಕ್ಕಕ್ಕೆ ಮೊದಲು ಒಂದು ಭ್ರಮೆ ಬಿಡಿಸಿಕೊಳ್ಳೋಣ. ದುಡಿದ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಅಲ್ಲೇ ಉಳಿದು ನೋವು ತರುತ್ತದೆಂದು ನಂಬಿ ಆಡುವ ‘ಲ್ಯಾಕ್ಟಿಕ್ ಆಸಿಡ್ ಹೊರಗೆ ಹಾಕ್ತೀವಿ’ ಎಂಬ ಮಾತು ಮೈದಾನಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ. ಓಟ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ (ಆ ಆಸಿಡ್ ಮೈಯಲ್ಲಿರುವ ರೂಪ) ತಾನಾಗಿಯೇ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಸುಮ್ಮನೆ ಅಡ್ಡಾಡಿದರೆ ಇನ್ನೂ ಬೇಗ. ಮಾರನೇ ದಿನವೂ ಅದರ ಮಾರನೇ ದಿನವೂ ಕಾಡುವ ನೋವಿಗೆ ಕಾರಣ ಸ್ನಾಯುವಿನ ಎಳೆಗಳಲ್ಲಾದ ಸಣ್ಣ ಸಣ್ಣ ಗಾಯಗಳು. ನಂದಿಬೆಟ್ಟ ಓಡಿ ಹತ್ತಿದವನಿಗಿಂತ ಓಡಿ ಇಳಿದವನ ತೊಡೆ ಹೆಚ್ಚು ನೋಯುವುದು ಇದಕ್ಕೇ: ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. 2020ರಲ್ಲಿ 29 ಅಧ್ಯಯನಗಳ, ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ ಶಕ್ತಿ, ಜಿಗಿತ, ವೇಗದ ಓಟ, ದಮ್ಮು ಯಾವುದರಲ್ಲೂ ಮಸಾಜ್‌ನಿಂದ ಸುಧಾರಣೆ ಕಾಣಲಿಲ್ಲ. ಮೈ ಬಾಗುವುದರಲ್ಲಿ ಮತ್ತು ಈ ತಡವಾಗಿ ಬರುವ ನೋವಿನಲ್ಲಿ ಸಣ್ಣ ಪ್ರಯೋಜನ ಕಂಡಿತು. ಅಂದರೆ ಮಸಾಜ್ ಯಾರನ್ನೂ ಬೇಗ ಓಡಿಸುವುದಿಲ್ಲ. ಬಿಗಿದ ಕಾಲು ಸಡಿಲವೆನಿಸುತ್ತದೆ, ಹೆದರಿದ ಮನಸ್ಸು ತಹಬಂದಿಗೆ ಬರುತ್ತದೆ, ನೋವು ತುಸು ತಗ್ಗುತ್ತದೆ. ಇಷ್ಟು ಸಿಕ್ಕರೂ ಸಾಕಷ್ಟಾಯಿತು, ಆದರೆ ಇಷ್ಟಕ್ಕಾಗಿ ಸ್ಪರ್ಧೆಯನ್ನೇ ಪಣಕ್ಕಿಡುವಂತಿಲ್ಲ.

ದಿನದ ಲೆಕ್ಕ

ಆಳವಾಗಿ ಒತ್ತಲು ಕೊನೆಯ ಅವಕಾಶ ಸ್ಪರ್ಧೆಗೆ ಏಳರಿಂದ ನಾಲ್ಕು ದಿನ ಮೊದಲು. 40–45 ನಿಮಿಷ ಸಾಕು. ‘ನೋವು ಹತ್ತರಲ್ಲಿ ಎಷ್ಟು?’ ಎಂದು ಆಗಾಗ ಕೇಳುತ್ತಿರಿ, ಐದು ದಾಟಬಾರದು. ಹುಡುಗರು ಗಟ್ಟಿಗತನ ತೋರಿಸಲು ‘ಮೂರು ಸಾರ್’ ಅನ್ನುವುದುಂಟು. ಬಾಯಿಯನ್ನು ನಂಬಬೇಡಿ, ಕಾಲ್ಬೆರಳು ನೋಡಿ. ಬೆರಳು ಮುದುಡಿದರೆ, ಉಸಿರು ಕಟ್ಟಿದರೆ ಐದು ದಾಟಿಯಾಗಿದೆ. ಗಂಟು ಸಿಕ್ಕಲ್ಲಿ ಹೆಬ್ಬೆರಳನ್ನು ಊರಿ ಅರ್ಧ ನಿಮಿಷ ಹಾಗೇ ಹಿಡಿದು ಬಿಡಿ. ಎರಡು ಮೂರು ಸಲ ಸಾಕು. ಒಂದೇ ಗಂಟನ್ನು ಹತ್ತು ನಿಮಿಷ ಕೆದಕಿದರೆ ಅದು ಕರಗುವುದಿಲ್ಲ, ಊದಿಕೊಳ್ಳುತ್ತದೆ. ಈ ಮಸಾಜ್‌ನ ಮಾರನೇ ದಿನ ಕೋಚ್ ಜೋರಿನ ಅಭ್ಯಾಸ ಇಟ್ಟಿಲ್ಲವೆಂದು ಮೊದಲೇ ಕೇಳಿಕೊಳ್ಳಿ.

ಮೂರು ಅಥವಾ ಎರಡು ದಿನ ಉಳಿದಾಗ 20–25 ನಿಮಿಷ, ಎಣ್ಣೆ ಹಚ್ಚಿ ಉದ್ದಕ್ಕೆ ನೀವುವುದು, ಮೆತ್ತಗೆ ನಾದುವುದು. ನೋವು ಎರಡು ಮೂರಕ್ಕಿಂತ ಮೇಲೇರಬಾರದು. ಹಿಂದಿನ ಸಂಜೆ ಬೇಕೆಂದರೆ ಪಾದ, ಮೀನಖಂಡ, ಬೆನ್ನಿಗೆ 10–15 ನಿಮಿಷ, ಅದೂ ಊಟಕ್ಕೆ ಮುಂಚೆ. ಬೇಡವೆಂದರೆ ಬೇಡ; ಆ ಹೊತ್ತಿನಲ್ಲಿ ನಿದ್ದೆಯೇ ದೊಡ್ಡ ಮಸಾಜ್. ಹಿಂದೆ ಒಮ್ಮೆಯೂ ಮಾಡಿಸಿಕೊಳ್ಳದವರಿಗೆ ಸ್ಪರ್ಧೆಯ ವಾರ ಪ್ರಯೋಗದ ಹೊತ್ತಲ್ಲ. ಅವರ ಮೈ ಹೇಗೆ ಪ್ರತಿಕ್ರಿಯಿಸುತ್ತದೆಂದು ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಇಲ್ಲಿ ಯಾರಾದರೂ ಗರಡಿಮನೆಯ ಉದಾಹರಣೆ ತೆಗೆಯುತ್ತಾರೆ: ‘ಪೈಲ್ವಾನರು ದಿನಾ ಮೈ ಮುರಿಯುವ ಹಾಗೆ ಮಾಲೀಸು ಮಾಡಿಸ್ಕೊಳ್ಳಲ್ವಾ?’ ಮಾಡಿಸಿಕೊಳ್ಳುತ್ತಾರೆ. ಆದರೆ ಅದು ಅವರ ಸಾಧನೆಯ ಒಂದು ಭಾಗ. ಅದೇ ಉಸ್ತಾದರ ಕೈಗೆ ವರ್ಷಗಟ್ಟಲೆ ಒಗ್ಗಿದ ಮೈ ಅದು. ವಾರಕ್ಕೆ ಐದು ದಿನ ಕುರ್ಚಿಯಲ್ಲಿ ಕೂತು ವಾರಾಂತ್ಯಕ್ಕೆ ಓಡುವವನ ಮೈಗೆ ಆ ಲೆಕ್ಕ ಹೊಂದುವುದಿಲ್ಲ.

ಸ್ಪರ್ಧೆಯ ಬೆಳಿಗ್ಗೆ

ಗಡಿಯಾರವನ್ನು ಹಿಂದಕ್ಕೆ ಎಣಿಸಿ. ಓಟ 6ಕ್ಕೆ ಎಂದಾದರೆ ಮಸಾಜ್ 5ಕ್ಕೆ ಶುರುವಾಗಿ 5.12ಕ್ಕೆ ಮುಗಿಯಬೇಕು. ಆಮೇಲೆ ಶೌಚಾಲಯದ ಸಾಲು, 5.25ರಿಂದ 20 ನಿಮಿಷ ವಾರ್ಮ್‌ಅಪ್, 5.45ಕ್ಕೆ ಸ್ಟಾರ್ಟ್ ಲೈನ್. ಮಸಾಜ್ ಆಯಿತಲ್ಲ, ವಾರ್ಮ್‌ಅಪ್ ಯಾಕೆ ಎಂದು ಕೇಳುವವರಿದ್ದಾರೆ. ಉಜ್ಜಿದರೆ ಬಿಸಿಯಾಗುವುದು ಚರ್ಮ. ಒಳಗಿನ ಸ್ನಾಯು ಬಿಸಿಯೇರಬೇಕಾದರೆ ಅದು ತಾನೇ ದುಡಿಯಬೇಕು.

ಚೀಲದಲ್ಲಿ ಇರಬೇಕಾದ್ದು: ಎರಡು ಟವೆಲ್, ಮಡಚುವ ರೆಕ್ಸಿನ್ ಮಂಚ ಅಥವಾ ದಪ್ಪ ಮ್ಯಾಟ್, ಸ್ಯಾನಿಟೈಸರ್, ನೇಲ್ ಕಟರ್, ಟಾಲ್ಕಂ ಪೌಡರ್, 100 ಮಿಲಿ ಎಣ್ಣೆ (ಇದು ಓಟದ ನಂತರಕ್ಕೆ). ಮಂಚದ ಎತ್ತರ ನೋಡಿಕೊಳ್ಳಿ. ಪಕ್ಕದಲ್ಲಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮುಷ್ಟಿಯ ಗೆಣ್ಣು ಮಂಚಕ್ಕೆ ತಾಗಬೇಕು. ಅದಕ್ಕಿಂತ ಎತ್ತರವಾದರೆ ಭುಜದಿಂದ ಒತ್ತುತ್ತೀರಿ, ತಗ್ಗಾದರೆ ನಿಮ್ಮ ಸೊಂಟ ಹೋಗುತ್ತದೆ. ಹದಿನೈದು ಜನ ಸಾಲಾಗಿ ಬರುವ ದಿನ ಇದು ಗೊತ್ತಾಗುತ್ತದೆ.

ಎಣ್ಣೆ ಈಗ ಬೇಡ. ಟೇಪ್ ಅಂಟುವುದಿಲ್ಲ, ಪಾದ ಶೂ ಒಳಗೆ ಜಾರಿ ಬೊಬ್ಬೆ ಬರುತ್ತದೆ. ಬಟ್ಟೆಯ ಮೇಲಿಂದಲೇ ಮಾಡಿ, ಇಲ್ಲವೇ ಚಿಟಿಕೆ ಪೌಡರ್ ಹಾಕಿಕೊಳ್ಳಿ. ಕೈ ಚುರುಕಾಗಿರಲಿ. ನಿಧಾನದ ಉದ್ದನೆಯ ನೀವಿಕೆ ನಿದ್ದೆ ತರಿಸುತ್ತದೆ. ನಡುಗುತ್ತ ಬಂದವನಿಗೆ ಮೊದಲ ಎರಡು ನಿಮಿಷ ಅದೇ ಮದ್ದು, ಆಕಳಿಸುತ್ತ ಬಂದವನಿಗೆ ಮೊದಲಿಂದಲೂ ತಟ್ಟಿ ಎಬ್ಬಿಸುವ ಕೈ ಬೇಕು. ಕಾಲಿಗೆ ನಾಲ್ಕೈದು ನಿಮಿಷದಂತೆ ಎರಡೂ ಕಾಲು, ಉಳಿದ ಎರಡು ನಿಮಿಷ ಬೆನ್ನು, ಹೆಗಲು. ಎರಡೂ ಕಾಲಿಗೆ ಸಮನಾಗಿ ಮಾಡಿ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಆದರೆ ಓಡುವಾಗ ಅದೇ ಮನಸ್ಸಿಗೆ ಕೊರೆಯುತ್ತದೆ.

ಒಂದು ಮೀನಖಂಡವನ್ನೇ ತೆಗೆದುಕೊಂಡು ಕ್ರಮ ನೋಡೋಣ.

ಬೋರಲು ಮಲಗಿಸಿ ಪಾದದ ಕೀಲಿನ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿ ತುಸು ಮಡಚಿಕೊಂಡು ಮೀನಖಂಡ ತಾನಾಗಿ ಸಡಿಲಾಗುತ್ತದೆ. ಟವೆಲ್ ಇಲ್ಲದಿದ್ದರೆ ಪಾದ ಮಂಚಕ್ಕೆ ಒತ್ತಿ ಕೀಲು ನೋಯುತ್ತದೆ. ಎರಡೂ ಅಂಗೈ ಚಪ್ಪಟೆಯಾಗಿಟ್ಟು ಹಿಮ್ಮಡಿಯ ಮೇಲಿಂದ ಮಂಡಿಯ ಹಿಂದಿನ ಗುಳಿಗೆ ನಾಲ್ಕು ಬೆರಳು ಕೆಳಗಿನವರೆಗೆ ನೀವಿ. ಒತ್ತಡ ಮೇಲಕ್ಕೆ, ಎದೆಯ ದಿಕ್ಕಿಗೆ ಮಾತ್ರ. ವಾಪಸ್ ಬರುವಾಗ ಕೈ ಚರ್ಮ ಸವರಿದರೆ ಸಾಕು. ಒಂದು ನೀವಿಕೆಗೆ ಎರಡು ಸೆಕೆಂಡ್, ಹೀಗೆ ಹತ್ತು ಸಲ. ಆಮೇಲೆ ಚಪಾತಿ ಹಿಟ್ಟು ನಾದುವ ಹಾಗೆ ಒಂದು ಕೈ ಹಿಡಿದೆತ್ತಿ ಬಿಡುವಾಗ ಇನ್ನೊಂದು ಹಿಡಿಯಲಿ. ಕೆಳಗಿಂದ ಮೇಲಕ್ಕೆ ಒಂದು ನಿಮಿಷ. ಚಿವುಟಿದಂತಾದರೆ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದೀರಿ ಎಂದರ್ಥ, ಅಂಗೈ ತುಂಬ ಹಿಡಿಯಿರಿ. ಈಗ ಪಾದ ಮೇಲೆ ಬರುವಂತೆ ಮಂಡಿ ಮಡಚಿ, ಪಾದವನ್ನು ಒಂದು ಕೈಲಿ ಹಿಡಿದು, ಇನ್ನೊಂದು ಕೈಯಿಂದ ಮೀನಖಂಡವನ್ನು ಎಡಕ್ಕೂ ಬಲಕ್ಕೂ 15–20 ಸೆಕೆಂಡ್ ಅಲುಗಿಸಿ. ಸಡಿಲವಾದ ಸ್ನಾಯು ಜೆಲ್ಲಿಯ ಹಾಗೆ ಕುಲುಕುತ್ತದೆ; ಹಲಗೆಯ ಹಾಗೆ ಒಟ್ಟಿಗೇ ಸರಿದರೆ ಇನ್ನೊಂದರ್ಧ ನಿಮಿಷ ನಾದಿ. ಪಾದದ ಕೀಲನ್ನು ಎರಡೂ ಕಡೆಗೆ ಐದೈದು ಸುತ್ತು ತಿರುಗಿಸಿ. ಕೊನೆಗೆ ಬೊಗಸೆಯಂತೆ ಬಾಗಿಸಿದ ಅಂಗೈಯಿಂದ ಹತ್ತು ಸೆಕೆಂಡ್ ಚುರುಕಾಗಿ ತಟ್ಟಿ, ಎಬ್ಬಿಸಿ ಕಳಿಸಿ.

ಮಂಡಿಯ ಹಿಂದಿನ ಗುಳಿಯಲ್ಲಿ ರಕ್ತನಾಳ ಮತ್ತು ನರ ಚರ್ಮಕ್ಕೆ ಹತ್ತಿರವಿರುತ್ತವೆ, ಅಲ್ಲಿ ಒತ್ತಬೇಡಿ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಎಲುಬಿನ ಗುಬ್ಬಿಯನ್ನೂ ಬಿಡಿ. ಅದರ ಪಕ್ಕದಲ್ಲೇ ಒಂದು ನರ ಸುತ್ತಿಕೊಂಡು ಹೋಗುತ್ತದೆ. ಒತ್ತಿದರೆ ಪಾದ ಜುಮ್ಮೆನ್ನುತ್ತದೆ. ತೊಡೆಯ ಸಂದಿನ ಮುಂಭಾಗಕ್ಕೂ ಇದೇ ಮಾತು.

ಕಬಡ್ಡಿ ಟೂರ್ನಿಯಲ್ಲಿ, ಎರಡು ಪಂದ್ಯಗಳ ನಡುವೆ

ಓಟ ಒಂದೇ ಸಲ ಮುಗಿಯುತ್ತದೆ. ಊರ ಟೂರ್ನಿಯಲ್ಲಿ ಫ್ಲಡ್‌ಲೈಟ್ ಕೆಳಗೆ ಒಂದೇ ರಾತ್ರಿ ಮೂರು ನಾಲ್ಕು ಪಂದ್ಯ. ಮೊದಲು ನಿಯಮ ನೆನಪಿಡಿ: ಕಬಡ್ಡಿಯಲ್ಲಿ ಮೈಗೆ, ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಅಂಕಣಕ್ಕಿಳಿಯುವಂತಿಲ್ಲ. ಕುಸ್ತಿಯ ಅಂತರರಾಷ್ಟ್ರೀಯ ನಿಯಮದಲ್ಲೂ ಜಿಡ್ಡು, ಅಂಟು ನಿಷಿದ್ಧ. ಆದ್ದರಿಂದ ಟೂರ್ನಿ ಮುಗಿಯುವ ತನಕ ಒಣ ಕೈ.

ಮುಂದಿನ ಪಂದ್ಯಕ್ಕೆ ಒಂದು ಗಂಟೆಗೂ ಹೆಚ್ಚು ಸಮಯವಿದ್ದರೆ ಮೊದಲು ನೀರು, ಬಾಳೆಹಣ್ಣು, ಒಣ ಬಟ್ಟೆ, ಆಮೇಲೆ 8–10 ನಿಮಿಷ ಮಸಾಜ್, ಮತ್ತೆ ವಾರ್ಮ್‌ಅಪ್. ಅರ್ಧ ಗಂಟೆಯೊಳಗಿದ್ದರೆ ಮೂರು ನಿಮಿಷ ಅಲುಗಿಸಿ, ತಟ್ಟಿ ಬಿಡಿ. ಪುರುಷರ ಪಂದ್ಯದಲ್ಲಿ ತಲಾ 20 ನಿಮಿಷದ ಎರಡು ಅವಧಿಗಳ ನಡುವೆ ಸಿಗುವುದು ಐದೇ ನಿಮಿಷ. ಅದು ಕೋಚ್‌ಗೆ ಮತ್ತು ನೀರಿಗೆ ಸೇರಿದ್ದು. ಯಾರಿಗಾದರೂ ಸ್ನಾಯು ಹಿಡಿದುಕೊಂಡಿದ್ದರೆ ಮಾತ್ರ ನೀವು ಒಳಗೆ ಹೋಗಿ. ರೈಡರ್‌ಗೆ ಮೀನಖಂಡ, ತೊಡೆಯ ಹಿಂಭಾಗ, ಒಳತೊಡೆ ಮುಖ್ಯ. ಹಿಡಿಯುವವರಿಗೆ ಹೆಗಲು, ಮುಂಗೈ, ಬೆರಳು. ಬೆರಳುಗಳನ್ನು ಒಂದೊಂದಾಗಿ ಬುಡದಿಂದ ತುದಿಗೆ ಮೆಲ್ಲಗೆ ಎಳೆದರೆ ಎಷ್ಟೋ ಆರಾಮ. ನೆಟಿಕೆ ಮುರಿಯುವ ಅಗತ್ಯವಿಲ್ಲ.

ಮೀನಖಂಡ ಹಿಡಿದುಕೊಂಡಾಗ ಉಜ್ಜಲು ಹೋಗಬೇಡಿ, ಇನ್ನೂ ಬಿಗಿಯಾಗಬಹುದು. ಮಂಡಿ ನೇರ ಮಾಡಿ, ಪಾದವನ್ನು ಮುಖದ ಕಡೆಗೆ ಬಾಗಿಸಿ 30 ಸೆಕೆಂಡ್ ಹಿಡಿಯಿರಿ. ಆಟಗಾರನೂ ಅದೇ ದಿಕ್ಕಿಗೆ ಪಾದ ಎಳೆದುಕೊಳ್ಳಲಿ. ಬಿಟ್ಟ ಮೇಲೆ ಎರಡು ನಿಮಿಷ ಹಗುರವಾಗಿ ನೀವಿ. ಮತ್ತೆ ಮತ್ತೆ ಹಿಡಿದರೆ ಆ ಪಂದ್ಯಕ್ಕೆ ಅವನು ಹೊರಗೆ ಕೂರುವುದೇ ಲೇಸು.

ಕಬಡ್ಡಿಯಲ್ಲಿ ಅತಿ ಹೆಚ್ಚು ಕೆಡುವುದು ತೊಡೆಗೆ ಬಿದ್ದ ಪೆಟ್ಟಿನ ವಿಷಯದಲ್ಲಿ. ಎದುರಾಳಿಯ ಮೊಣಕಾಲು ತೊಡೆಯ ಮುಂಭಾಗಕ್ಕೆ ಜೋರಾಗಿ ಬಡಿದಾಗ ಒಳಗೆ ರಕ್ತ ಕಟ್ಟುತ್ತದೆ. ‘ರಕ್ತ ಒಡೀಬೇಕು’ ಎಂದು ಯಾರೋ ಬಿಸಿ ಎಣ್ಣೆ ಹಾಕಿ ತಿಕ್ಕುತ್ತಾರೆ. ಇದರಿಂದ ರಕ್ತಸ್ರಾವ ಹೆಚ್ಚುತ್ತದೆ; ಕೆಲವು ವಾರಗಳ ನಂತರ ಅದೇ ಜಾಗದಲ್ಲಿ ಸ್ನಾಯುವಿನೊಳಗೆ ಎಲುಬು ಬೆಳೆದು ಮಂಡಿ ಪೂರ್ತಿ ಮಡಚಲಾಗದ ಸ್ಥಿತಿಯೂ ಬರಬಹುದು. ಮಾಡಬೇಕಾದ್ದು ಇಷ್ಟು: ಆಟ ನಿಲ್ಲಿಸಿ, ನೋವು ತಡೆಯುವಷ್ಟು ಮಂಡಿ ಮಡಚಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ಮೇಲೆ ಕ್ರೇಪ್ ಬ್ಯಾಂಡೇಜ್. ಮೊದಲ ಮೂರು ದಿನ ಬಿಸಿ, ಎಣ್ಣೆ, ಮಸಾಜ್ ಯಾವುದೂ ಅಲ್ಲಿಗೆ ಬೇಡ. ಆಮೇಲೂ ಫಿಸಿಯೋ ನೋಡಿದ ಮೇಲೆಯೇ. ‘ಟಕ್’ ಎಂದು ಸದ್ದಾಗಿ ತೊಡೆಯ ಹಿಂಭಾಗ ಹಿಡಿದುಕೊಂಡು ಕೂತವನಿಗೂ ಇದೇ ಎಚ್ಚರಿಕೆ.

ಓಟ ಮುಗಿದ ಮೇಲೆ

ಫಿನಿಶ್ ಲೈನ್ ದಾಟಿದವನನ್ನು ನೇರ ಮಂಚಕ್ಕೆ ಕರೆಯಬೇಡಿ. ಓಡುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಹತ್ತು ನಿಮಿಷ ನಡೆಯಲಿ, ಗುಟುಕು ಗುಟುಕಾಗಿ ನೀರು ಕುಡಿಯಲಿ, ಒದ್ದೆ ಬನಿಯನ್ ಬದಲಿಸಲಿ. ಮಲಗಿಸುವ ಮುನ್ನ ಎರಡು ಮಾತಾಡಿಸಿ: ಹೆಸರೇನು, ಯಾವ ಊರು, ತಲೆ ಸುತ್ತುತ್ತಿದೆಯಾ. ಉತ್ತರ ತಡವರಿಸಿದರೆ, ಮೈ ಕೆಂಡದಂತಿದ್ದರೆ ಅದು ಬಿಸಿಲಾಘಾತ; ತಣ್ಣೀರು, ಐಸ್, ವೈದ್ಯರು, ಈ ಕ್ಷಣವೇ. ತಲೆನೋವು, ವಾಂತಿ, ಉಂಗುರ ಬಿಗಿಯಾಗುವಷ್ಟು ಊದಿದ ಬೆರಳು ಇದ್ದು, ದಾರಿಯುದ್ದಕ್ಕೂ ಲೀಟರುಗಟ್ಟಲೆ ನೀರು ಕುಡಿದಿದ್ದರೆ ರಕ್ತದ ಸೋಡಿಯಂ ಇಳಿದಿರಬಹುದು. ಅಂಥವರಿಗೆ ಇನ್ನಷ್ಟು ನೀರು ಕುಡಿಸದೆ ವೈದ್ಯರ ಟೆಂಟ್‌ಗೆ ಕಳಿಸಿ.

ಉಳಿದವರಿಗೆ ಮೊದಲು ಒದ್ದೆ ಟವೆಲ್‌ನಿಂದ ಕಾಲು ಒರೆಸಿ. ಒಣಗಿದ ಬೆವರಿನ ಉಪ್ಪು ಎಣ್ಣೆಯ ಜೊತೆ ಸೇರಿದರೆ ಉಪ್ಪುಕಾಗದದಂತೆ ಚರ್ಮ ಗೀರುತ್ತದೆ. ಬಟ್ಟೆ ಉಜ್ಜಿ ಕೆಂಪಾದ ಜಾಗ, ಬೊಬ್ಬೆ ಎಲ್ಲಿವೆ ಕೇಳಿ ಅವನ್ನು ಬಿಟ್ಟುಬಿಡಿ. ಕಾಲಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ ಎಣ್ಣೆ ಸಾಕು. ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ವ್ಯತ್ಯಾಸವೇನಿಲ್ಲ. ಕಾಲಿಗೆ ಐದಾರು ನಿಮಿಷ ನಿಧಾನವಾಗಿ ಮೇಲ್ಮುಖವಾಗಿ ನೀವುವುದು, ತುಸು ನಾದುವುದು, ಅಷ್ಟೇ. ತಟ್ಟಬೇಡಿ, ದಣಿದ ಸ್ನಾಯು ಹಿಡಿದುಕೊಳ್ಳುತ್ತದೆ. ಎಬ್ಬಿಸುವಾಗ ಒಂದು ನಿಮಿಷ ಕೂರಿಸಿ ಆಮೇಲೆ ನಿಲ್ಲಿಸಿ. ಸಾಧ್ಯವಿದ್ದರೆ ಒಂದೆರಡು ಗಂಟೆಯ ನಂತರ, ಊಟ ಸ್ನಾನ ಮುಗಿಸಿ ಬಂದಾಗ ಮಾಡುವುದೇ ಒಳ್ಳೆಯದು.

ಆಳದ ಮಸಾಜ್‌ಗೆ 10 ಕಿ.ಮೀ. ಓಟದ ನಂತರ ಎರಡು ದಿನ, ಮ್ಯಾರಥಾನ್ ನಂತರ ಕನಿಷ್ಠ ಮೂರು ದಿನ ಕಾಯಿರಿ. ಮಾರನೇ ದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ, ತೊಡೆ ಮುಟ್ಟಲಾಗದಷ್ಟು ನೋಯುತ್ತಿದ್ದರೆ ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿರಬಹುದು. ಅದು ಆಸ್ಪತ್ರೆಯ ಕೆಲಸ.

ಮುಲಾಮು, ಕೈ ಮತ್ತು ಡೋಪಿಂಗ್

ಉರಿಯುವ ಮುಲಾಮು ಸ್ನಾಯುವನ್ನು ಬಿಸಿ ಮಾಡುವುದಿಲ್ಲ, ಚರ್ಮಕ್ಕೆ ಬಿಸಿಯ ಭ್ರಮೆ ಕೊಡುತ್ತದೆ. ಬೆವರು ಸೇರಿದ ಮೇಲೆ ಉರಿ ಇಮ್ಮಡಿ. ಅದೇ ಕೈ ಕಣ್ಣಿಗೆ ಹೋದರೆ ಕೇಳಲೇಬೇಡಿ. ಇನ್ನೂ ಗಂಭೀರ ಸಂಗತಿಯೊಂದಿದೆ. 2007ರಲ್ಲಿ ನ್ಯೂಯಾರ್ಕ್‌ನ 17 ವರ್ಷದ ಶಾಲಾ ಓಟಗಾರ್ತಿಯೊಬ್ಬಳು ಮೀಥೈಲ್ ಸ್ಯಾಲಿಸಿಲೇಟ್ ಇದ್ದ ನೋವಿನ ಮುಲಾಮುಗಳನ್ನು ಅತಿಯಾಗಿ ಬಳಸಿ, ಅದು ಮೈಗೆ ಹೀರಿಕೊಂಡು ತೀರಿಕೊಂಡಳು. ನಮ್ಮಲ್ಲಿ ಸಿಗುವ ಎಷ್ಟೋ ಮುಲಾಮು, ಸ್ಪ್ರೇಗಳಲ್ಲಿ ಇದೇ ಅಂಶವಿದೆ. ಎರಡು ಮೂರು ಬಗೆ ಒಟ್ಟಿಗೆ ಹಚ್ಚುವುದು, ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡುವುದು, ಪ್ಲಾಸ್ಟಿಕ್ ಸುತ್ತುವುದು ಖಂಡಿತ ಬೇಡ.

ಮಸಾಜ್ ಮಾಡುವವರ ಕೈಯಿಂದಲೇ ಆಟಗಾರ ಸಿಕ್ಕಿಬೀಳಬಹುದು. ಟೆನಿಸ್ ಆಟಗಾರ ಯಾನಿಕ್ ಸಿನ್ನರ್ 2024ರ ಮಾರ್ಚ್‌ನಲ್ಲಿ ಕ್ಲೋಸ್ಟೆಬಾಲ್ ಎಂಬ ನಿಷೇಧಿತ ಸ್ಟೆರಾಯ್ಡ್‌ಗೆ ಪಾಸಿಟಿವ್ ಆದದ್ದು ಹೀಗೆ: ಅವರ ಫಿಸಿಯೋ ತನ್ನ ಬೆರಳಿನ ಗಾಯಕ್ಕೆ ಇಟಲಿಯ ಔಷಧಿ ಅಂಗಡಿಯಲ್ಲಿ ಸಿಗುವ, ಅದೇ ಸ್ಟೆರಾಯ್ಡ್ ಇರುವ ಸ್ಪ್ರೇ ಹಾಕಿಕೊಂಡು, ಕೈಗವಸಿಲ್ಲದೆ ಮಸಾಜ್ ಮಾಡಿದ್ದರು. ಈ ವಿವರಣೆ ಒಪ್ಪಿತವಾದರೂ 2025ರ ಫೆಬ್ರವರಿಯಲ್ಲಿ ಸಿನ್ನರ್ ಮೂರು ತಿಂಗಳ ನಿಷೇಧ ಒಪ್ಪಿಕೊಳ್ಳಬೇಕಾಯಿತು. ಡೋಪ್ ಪರೀಕ್ಷೆಗೆ ಒಳಪಡುವ ಆಟಗಾರರನ್ನು ಮುಟ್ಟುವವರ ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿ, ಅಥವಾ ಆ ದಿನ ಬೇರೆಯವರಿಗೆ ಬಿಟ್ಟುಕೊಡಿ. ಊರ ವೈದ್ಯರು ಕೊಟ್ಟದ್ದು ಎಂದು, ಒಳಗೆ ಏನಿದೆ ಎಂದು ಗೊತ್ತಿಲ್ಲದ ತೈಲ ಬಳಸಬೇಡಿ.

ಮುಟ್ಟದೆ ವಾಪಸ್ ಕಳಿಸಬೇಕಾದವರು

ಜ್ವರ ಇದ್ದವರು, ಚರ್ಮದ ಸೋಂಕು ಇದ್ದವರು, ಹೊಸ ಉಳುಕು ಆದವರು; ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಅವರ ವೈದ್ಯರ ಮಾತು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿಯಿಡೀ ಬಸ್ಸಿನಲ್ಲಿ ಕೂತೋ ವಿಮಾನದಲ್ಲಿ ಬಂದೋ ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರುವ ಸಂಶಯವಿದೆ. ಒತ್ತಿದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು.

ಶಾಲಾ ಕಾಲೇಜು ಕ್ರೀಡಾಕೂಟಗಳಲ್ಲಿ ಮಕ್ಕಳಿಗೆ ಮಸಾಜ್ ಮಾಡುವಾಗ ಪೋಷಕರೋ ಶಿಕ್ಷಕರೋ ಕಣ್ಣೆದುರಿಗೆ ಇರಬೇಕು. ಹುಡುಗಿಯರಿಗೆ ಮಹಿಳೆಯರೇ ಮಾಡುವ ಏರ್ಪಾಡು ಒಳ್ಳೆಯದು. ಯಾರೇ ಆದರೂ, ಎಲ್ಲಿ ಮುಟ್ಟುತ್ತೇವೆಂದು ಮೊದಲೇ ಹೇಳಿ, ಒಪ್ಪಿಗೆ ಕೇಳಿ, ಉಳಿದ ಭಾಗಕ್ಕೆ ಟವೆಲ್ ಹೊದಿಸಿ.

ಮಾಡಿಕೊಡುವವರು ಯಾರೂ ಇಲ್ಲದಿದ್ದರೆ

ಲಟ್ಟಣಿಗೆ ಸಾಕು. ಕುರ್ಚಿಯಲ್ಲಿ ಕೂತು ಮಂಡಿ ಮಡಚಿ, ಮೀನಖಂಡದ ಮೇಲೆ ಕೆಳಗಿಂದ ಮೇಲಕ್ಕೆ ಒಂದೊಂದು ನಿಮಿಷ ಉರುಳಿಸಿ. ತೊಡೆಯ ಮುಂಭಾಗಕ್ಕೂ ಹಾಗೇ. ಪಾದದಡಿ ಟೆನಿಸ್ ಚೆಂಡು ಒಂದು ನಿಮಿಷ. ಫೋಮ್ ರೋಲರ್ (ಮೈ ಕೆಳಗಿಟ್ಟು ಉರುಳಿಸುವ ಗಟ್ಟಿ ಫೋಮಿನ ಉರುಳೆ) ಇದ್ದರೆ ಒಂದು ಸ್ನಾಯುವಿಗೆ 30–60 ಸೆಕೆಂಡ್, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ವೇಗದಲ್ಲಿ. ಸೊಂಟದ ಬೆನ್ನೆಲುಬಿನ ಮೇಲೆ ಬೇಡ. ಸ್ನಾಯುವಿಗೆ ಪಟಪಟನೆ ಬಡಿಯುವ ಕೈಯಂತ್ರ, ಅಂದರೆ ಮಸಾಜ್ ಗನ್‌ಗೆ ದುಂಡನೆಯ ಮೆತ್ತನೆ ತಲೆ ಹಾಕಿ, ಅತಿ ಕಡಿಮೆ ವೇಗದಲ್ಲಿ, ಒತ್ತದೆ ಅದರ ತೂಕಕ್ಕಷ್ಟೇ ಬಿಟ್ಟು ಸ್ನಾಯುವಿಗೆ ಒಂದು ನಿಮಿಷ. ಕುತ್ತಿಗೆಯ ಮುಂಭಾಗ, ಮಂಡಿಚಿಪ್ಪು, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಅದನ್ನು ತರಬೇಡಿ. ಸ್ಪರ್ಧೆಯ ಹಿಂದಿನ ದಿನ ಓಟದ ನಂಬರ್ ಹಂಚುವ ಎಕ್ಸ್‌ಪೋ ಮೇಳದಲ್ಲಿ ಪುಕ್ಕಟೆ ಸಿಗುತ್ತದೆಂದು ಹತ್ತು ನಿಮಿಷ ತೊಡೆಗೆ ಗನ್ ಹಿಡಿಸಿಕೊಂಡು ಬರುವವರಿದ್ದಾರೆ. ಅಂಥವರು ಆ ಸಂಜೆ ಸುಮ್ಮನೆ ಕಾಲೆರಡನ್ನೂ ದಿಂಬಿನ ಮೇಲೆ ಎತ್ತಿಟ್ಟು ಮಲಗಲಿ.